ಕಿಟಕಿಯಲ್ಲಿ ಬೂಟುಗಳು

ನಾಲ್ಕೂವರೆ. ಕುತಾಯಿಸಿಯ ಬೀದಿನಾಯಿಗಳಿಗೂ ಇನ್ನೂ ಎಚ್ಚರವಿಲ್ಲ.
ನನ್ನ ಎಡಗಾಲಿಗೆ ಮಾತ್ರ ಆಗಲೇ ಬೆಳಗಾಗಿದೆ.

ಮೊದಲು ಮಗ್ಗುಲು. ಆಮೇಲೆ ಮೊಣಕೈ.
ಎರಡೂ ಕಾಲು ಮಂಚದಾಚೆ ಇಳಿಬಿಟ್ಟು,
ಉಸಿರು ಹಿಡಿಯದೆ (ಹಿಡಿದರೆ ಅದೂ ಹಿಡಿದುಕೊಳ್ಳುತ್ತದೆ)
ಅಂಚಿನ ತನಕ ತುಂಬಿದ ಹಾಲಿನ ಪಾತ್ರೆಯ ಹಾಗೆ
ನನ್ನನ್ನು ನಾನೇ ಎತ್ತಿಕೊಳ್ಳಬೇಕು.
ಜೀವಮಾನದಲ್ಲಿ ಯಾರ ಕಾಲೂ ಹಿಡಿದವಳಲ್ಲ ಈ ಲಮಾರಾ;
ಈಗ ದಿನಾ ನನ್ನ ಕಾಲನ್ನೇ ಹಿಡಿಯುತ್ತೇನೆ,
ಇವತ್ತೊಂದು ದಿನ, ಮಾರಾಯ, ಇವತ್ತೊಂದು ದಿನ.

ಹನ್ನೊಂದು ವರ್ಷದ ಕೆಳಗೆ, ನೆಲಮಾಳಿಗೆಯ ಮೂರನೆಯ ಮೆಟ್ಟಿಲಲ್ಲಿ,
ಹೆಗಲ ಮೇಲೆ ಐವತ್ತು ಕಿಲೋ ಮೂಟೆ.
ಛಟ್ ಎಂದದ್ದು ಮೂಟೆಯ ಹೊಲಿಗೆ ಅಂದುಕೊಂಡೆ,
ಹಿಟ್ಟು ಚೆಲ್ಲಿತೇ ಎಂದು ನೆಲ ನೋಡಿದೆ.
ಚೆಲ್ಲಿದ್ದು ನಾನು.

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು:
ನಾಲ್ಕು, ಐದು, ಇವೆರಡರ ನಡುವಿನ ಬಿಲ್ಲೆ ಹೊರಗೆ ಜಾರಿದೆ,
ಜಾರಿ ಕಾಲಿನ ನರದ ಮೇಲೆ ಕೂತಿದೆ.
ಬಿಲ್ಲೆಯಂತೆ! ನನಗೆ ಕಂಡದ್ದು
ಎರಡು ಹಲಗೆಯ ನಡುವೆ ಒತ್ತಿದ ನಾದಿದ ಹಿಟ್ಟು,
ಅಂಚಿನಲ್ಲಿ ಉಬ್ಬಿ ಇಣುಕಿದ್ದು.
ಅದನ್ನು ಬೆರಳಲ್ಲಿ ಒಳಗೆ ತಳ್ಳಿ ಮುಚ್ಚಲು ನನಗೆ ಬರುತ್ತದೆ.
ಅವರಿಗೆ ಬರಲಿಲ್ಲ.
‘ಬಗ್ಗಬೇಡಿ’ ಅಂದರು.

ತೋನೆಯನ್ನು ನೋಡಿದ್ದಾರೋ ಇಲ್ಲವೋ ಪುಣ್ಯಾತ್ಮರು.
ಸೊಂಟದೆತ್ತರದ ಮಣ್ಣಿನ ಬಾವಿ, ತಳದಲ್ಲಿ ಕೆಂಡ.
ಅದರ ಬಾಯೊಳಗೆ ಅರ್ಧ ಮೈ ಇಳಿಸಿ
ಒಳಗೋಡೆಗೆ ಶೋಟಿ ಬಡಿಯಬೇಕು, ಒಂದು ಕಾಲು ಗಾಳಿಯಲ್ಲಿ,
ನೀರು ಸೇದಲು ಹೋಗಿ ಬೀಳುತ್ತಿರುವವಳ ಹಾಗೆ.
ದಿನಕ್ಕೆ ಮುನ್ನೂರು ಸಲ.

ಮದ್ದು ಎಲ್ಲರ ಹತ್ತಿರವೂ ಇದೆ.
ತ್ಸ್ಖಾಲ್ಟುಬೊದ ಬುಗ್ಗೆಯಲ್ಲಿ ಇಪ್ಪತ್ತೊಂದು ದಿನ ನೆನೆದೆ,
ಬೆರಳು ಸುಕ್ಕಾದವು.
ನೆರೆಮನೆಯ ದೋದೋ ನಾಯಿಕೂದಲಿನ ಪಟ್ಟಿ ಹೆಣೆದುಕೊಟ್ಟಳು,
ಟೊಂಕ ಕಟ್ಟಿ ನಿಂತೆ;
ನೋವು ಬೆನ್ನು ಬಿಡಲಿಲ್ಲ,
ಬೀದಿಯ ನಾಯಿಗಳೆಲ್ಲ ಬೆನ್ನು ಹತ್ತಿದವು.

ಬಿಟ್ಟೂ ಹೋಗುತ್ತದೆ, ಸುಳ್ಳು ಹೇಳಬಾರದು.
ಹೋದ ವರ್ಷ ಏಪ್ರಿಲಿನಿಂದ ಆಗಸ್ಟಿನವರೆಗೆ ಸುಳಿವೇ ಇಲ್ಲ.
ನಾತೇಲಾಳ ಮದುವೆಯಲ್ಲಿ ಕುಣಿದೆ. ಹೌದು, ಕುಣಿದೆ.
ಸೆಪ್ಟೆಂಬರಿನಲ್ಲಿ ಒಂದು ಸೀನು ಬಂತು.
ಅಷ್ಟೇ. ಒಂದು ಸೀನು.
ಕುಂಡೆಯಿಂದ ಹೊರಟು ತೊಡೆಯ ಹಿಂಬದಿ ಹಿಡಿದು
ಮೀನಖಂಡದಲ್ಲಿ ನಿಂತು ವಿಳಾಸ ಕೇಳಿಕೊಂಡು
ಹೆಬ್ಬೆರಳು ಮುಟ್ಟಿತು ಕಾದ ತಂತಿ.
ಹಿಂದೆಯೇ ಜೋಮು. ಚಪ್ಪಲಿ ಕಳಚಿ ಬಿದ್ದರೂ ಕಾಲಿಗೆ ಸುದ್ದಿಯಿಲ್ಲ.

ಅಂಥ ದಿನ ಲಾಶಾ ರೊಟ್ಟಿ ಬಡಿಯುತ್ತಾನೆ.
ನಾನು ತೋನೆಯ ಪಕ್ಕ ನೆಲದ ಮೇಲೆ
ಖಾಲಿ ಮೂಟೆ ಹಾಸಿ, ಮಂಡಿ ಮಡಿಸಿ ಮಲಗುತ್ತೇನೆ.
ಯಾವ ಒಲೆ ನನ್ನನ್ನು ಮುರಿಯಿತೋ
ಅದರ ಕಾವೇ ಬೆನ್ನಿಗೆ ಹಿತ; ಯಾರಿಗೆ ದೂರು ಕೊಡಲಿ?
ಸದ್ದಿನಲ್ಲೇ ಗೊತ್ತಾಗುತ್ತದೆ ಕೈ.
ಚಪ್. ಹಿಡಿಯಿತು.
ಚಪ್. ಹಿಡಿಯಿತು.
ತಪ್. ‘ನೀರು ಜಾಸ್ತಿ, ಲಾಶಾ, ಬೀಳುತ್ತದೆ ನೋಡು.’
ಬೀಳುತ್ತದೆ, ಬೂದಿಗೆ.

ಮಲಗಿದಲ್ಲಿಂದ ಕಾಣುವುದು ಕಿಟಕಿ,
ಬೀದಿಯ ಮಟ್ಟಕ್ಕೆ ಸರಿಯಾಗಿ ಅದರ ಹೊಸ್ತಿಲು.
ಗಿರಾಕಿಗಳಿಗೆ ಮುಖವಿಲ್ಲ, ಬೂಟು ಮಾತ್ರ.
ಬಂದು ನಿಲ್ಲುತ್ತವೆ, ಮೇಲಿನಿಂದ ಒಂದು ಕೈ ಇಳಿಯುತ್ತದೆ,
ನಾಣ್ಯ, ರೊಟ್ಟಿ, ಹೋಗುತ್ತವೆ.
ಹನ್ನೊಂದು ವರ್ಷದಲ್ಲಿ ಇಷ್ಟು ಕಲಿತಿದ್ದೇನೆ:
ಸವೆದ ಹಿಮ್ಮಡಿ ಎಡದ್ದೋ ಬಲದ್ದೋ,
ಯಾವುದರ ಮೇಲೆ ಭಾರ ಬಿಡುವುದಿಲ್ಲ,
ಯಾರು ಕ್ಯೂನಲ್ಲಿ ಗೋಡೆಗೆ ಒರಗಿ
ಒರಗಿಲ್ಲವೆಂಬಂತೆ ನಿಲ್ಲುತ್ತಾರೆ.

ಆ ಕಂದು ಬೂಟು ಮತ್ತೆ ಬಂತು.
ಸೋಮವಾರ, ಶುಕ್ರವಾರ. ಲೇಸು ಕಟ್ಟಿಲ್ಲ.
ಕಟ್ಟಲಾಗುವುದಿಲ್ಲ, ನನಗೆ ಗೊತ್ತು.

ಲಾಶಾ, ಕೈ ಒರೆಸಿಕೊ.
ಬಿಸಿಯದೊಂದು ಆರಿಸಿ ಮೆಟ್ಟಿಲು ಹತ್ತಿ
ಅವರ ಕೈಗೇ ಕೊಟ್ಟು ಬಾ.
ಕಿಟಕಿಯಿಂದ ಬೇಡ.
ಬಗ್ಗಿಸಬೇಡ ಅವರನ್ನು.