ಏಳು ಜುಮ್ಮನಕಾಯಿ

ಬೈತಖೋಲದ ಇಳಿಜಾರಿನಲ್ಲಿ ಆರು ಬೆಂಚಿನ ಖಾನಾವಳಿ.
ಬೋರ್ಡಿನ ಮೇಲೆ ದೇವರ ಹೆಸರಿದೆ, ಯಾರೂ ಓದುವುದಿಲ್ಲ.
ದ್ವಾರಕಿಬಾಯಿ ಮನೆ ಎಂದರೆ
ಹೊಸ ರಿಕ್ಷಾದವನೂ ತಂದು ಇಳಿಸುತ್ತಾನೆ.

ದ್ವಾರಕಿಬಾಯಿ ನನ್ನ ಅತ್ತೆ.
ಅವಳ ಅತ್ತೆ ಒಲೆ ಹೂಡಿದ್ದು ಇಲ್ಲಲ್ಲ,
ಈಗ ನೌಕಾನೆಲೆಯ ಗೋಡೆ ನಿಂತಿದೆಯಲ್ಲ, ಅದರಾಚೆ,
ನಾನು ನೋಡದ ಒಂದು ಕೇರಿಯಲ್ಲಿ.
ಲಾರಿ ಹತ್ತಿ ಬಂದದ್ದು ಅರೆವ ಕಲ್ಲು, ಎರಡು ಹಂಡೆ,
ಉಪ್ಪಿನ ಭರಣಿ, ಮಡಿಲಲ್ಲಿ ನಿದ್ದೆಹೋದ ನನ್ನ ಗಂಡ.
ಬಾವಿ ಬರಲಿಲ್ಲ.

ನಾನು ಕುಮಟೆಯವಳು. ನಾವು ತಾಟೆ ಎನ್ನುವ ಮೀನಿಗೆ
ಇಲ್ಲಿ ಮೋರಿ ಎನ್ನುತ್ತಾರೆ.
ಮೋರಿ ಎಂದರೆ ನಮಗೆ ಪಾತ್ರೆ ತೊಳೆದ ನೀರು ಹೋಗುವ ಜಾಗ!
ಮೊದಲ ವಾರ ನಕ್ಕೆ,
ಎರಡನೆಯ ವಾರ ಅದಕ್ಕೇ ಖಾರ ಅರೆದೆ.
ಬೆರಳ ಸಂದಿಗೆ ಕಾಯಿಚೂರು ಸಿಕ್ಕರೆ
ಇನ್ನೂ ಹತ್ತು ಸುತ್ತು ಎನ್ನುತ್ತಿದ್ದಳು ಅತ್ತೆ, ತಲೆಯೆತ್ತದೆ.

ಕಾಳಿಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ,
ಯೇಸುಬಾಯಿ ಕೈಯಾಡಿಸಿ ಹೆಕ್ಕಿ ತರುವ ತಿಸ್ರೆ
ರಾತ್ರಿಯಿಡೀ ಬೋಗುಣಿಯಲ್ಲಿ ಕೂತು ಮರಳು ಉಗುಳುತ್ತದೆ.
ಮಳೆಗಾಲಕ್ಕೆ ಬೋಟು ದಡ ಹತ್ತಿದ ಮೇಲೆ
ಹಲಸಿನ ಬೀಜ, ಒಣಸೀಗಡಿ;
ಗಿರಾಕಿ ಕಡಿಮೆ, ಮಾತು ಜಾಸ್ತಿ.

ಅತ್ತೆ ಅಳೆಯುವುದು ಕರಟದಲ್ಲಿ, ಇಲ್ಲವೇ ಕಣ್ಣಲ್ಲಿ.
ಎಣಿಸುವುದು ಒಂದನ್ನೇ:
ಬಂಗಡೆ ಸಾರಿಗೆ ಜುಮ್ಮನಕಾಯಿ ಏಳು.
ಅರೆಯಬಾರದು. ಜಜ್ಜಿ, ಕುದಿ ಬಂದ ಮೇಲೆ ಬಿಡಬೇಕು.
ಎಂಟಾದರೆ ನಾಲಿಗೆ ಮರಗಟ್ಟುತ್ತದೆ,
ಆರಾದರೆ ನೀರಿನ ರುಚಿ ಗೊತ್ತಾಗುತ್ತದೆ.

ಬುಧವಾರ ಶಾಬಾ ಮಾಮ ಬರುತ್ತಾನೆ,
ಅದೇ ಕೇರಿಯವನು. ಈಗ ಮಗಳ ಮನೆಯಿಂದ ಎರಡು ಬಸ್ಸು ಬದಲಿಸಿ.
ಮೂಲೆಯ ಬೆಂಚು. ಕುಚ್ಚಲಕ್ಕಿ ಅನ್ನ, ಬಂಗಡೆ,
ಕಡೆಗೆ ಒಂದು ಲೋಟ ಸೋಲ್‌ಕಡಿ.
ಮುಳ್ಳುಗಳನ್ನು ತಟ್ಟೆಯ ಅಂಚಿಗೆ
ಹಲ್ಲಿನ ಸಾಲಿನಂತೆ ಜೋಡಿಸಿ, ಕೈ ತೊಳೆದು,
ಒಲೆಯ ಕಡೆಗೆ ಕೂಗುತ್ತಾನೆ:
'ಎಲ್ಲ ಉಂಟು ದ್ವಾರಕೀ, ಬಾವಿ ಒಂದಿಲ್ಲ.'
'ಮುಂದಿನ ವಾರ ತರುವಾ' ಎನ್ನುತ್ತಾಳೆ ಅತ್ತೆ.
ಇಪ್ಪತ್ತು ವರ್ಷದಿಂದ ಇದೇ ಮಾತು, ಇದೇ ಜವಾಬು;
ದುಡ್ಡೂ ಹಾಗೆ, ಅವನು ಇಡುತ್ತಾನೆ, ಇವಳು ಅರ್ಧ ತಳ್ಳುತ್ತಾಳೆ.

ಹೋದ ತಿಂಗಳು ಅತ್ತೆ ಪಂಪಿನ ಹತ್ತಿರ ಜಾರಿ
ಮಣಿಕಟ್ಟು ಮುರಿಯಿತು.
ಒಳಗೆ ಮಂಚದ ಮೇಲೆ ಬಿಳಿ ಕೈ, ಹೊರಗೆ ನಾನು.
ಬುಧವಾರ. ಒಂದು, ಎರಡು, ಮೂರು...
ಏಳು. ಮತ್ತೊಮ್ಮೆ ಎಣಿಸಿದೆ. ಏಳೇ.

ಶಾಬಾ ಮಾಮ ಉಂಡ. ಇನ್ನೊಮ್ಮೆ ಅನ್ನ ಕೇಳಿದ,
ಹಿಂದೆಂದೂ ಕೇಳಿದವನಲ್ಲ.
ಮುಳ್ಳು ಜೋಡಿಸಿದ. ಕೈ ತೊಳೆದ.
ಒಲೆಯ ಕಡೆ ನೋಡಿದ, ನನ್ನನ್ನೋ, ನನ್ನ ಹಿಂದಿನ ಹಂಡೆಯನ್ನೋ.
'ಬರ್ತೆ ಹಾಂ' ಎಂದ.
ಅಷ್ಟೇ. ಬಾಗಿಲ ಬಳಿ ಕೊಡೆ ಮರೆತು
ಮತ್ತೆ ಬಂದು ತಕ್ಕೊಂಡು ಹೋದ, ಆಗಲೂ ಏನೂ ಅನ್ನಲಿಲ್ಲ.

ಒಳಗಿಂದ ಕೇಳಿತು:
'ಬಾವಿ ಅಂದನೇನೆ?'
'ಇಲ್ಲ.'
ಸುಮಾರು ಹೊತ್ತು ಮಂಚ ಕಿರುಗುಟ್ಟಲಿಲ್ಲ.
ನಾನು ಬೆಂಚು ಒರೆಸಿದೆ, ಬೆಕ್ಕಿಗೆ ತಲೆ ಹಾಕಿದೆ,
ತಟ್ಟೆ ತೊಳೆದೆ, ಆ ಮುಳ್ಳಿನ ಸಾಲು ಕೆಡಿಸಲು ಮನಸ್ಸಿಲ್ಲದೆ
ಅದನ್ನು ಕಡೆಗೆ.

ಆಮೇಲೆ ಗೋಡೆಯ ಕಡೆ ಹೊರಳಿ ಅತ್ತೆ ಹೇಳಿದಳು:
'ಮುಂದಿನ ಬುಧವಾರ ಆರೇ ಹಾಕು.'