ಹತ್ತಿಯ ದುಂಬಿ

ಅರವತ್ತೊಂದರಲ್ಲಿ ಮತ್ತೆ ತರಗತಿ.
ಓಪೊತಿಕಿಯ ಆಸ್ಪತ್ರೆಯ ಹಿಂದಿನ ಕೋಣೆ, ಮಡಚುವ ಕುರ್ಚಿ,
ಒಬ್ಬೊಬ್ಬರ ಮುಂದೆ ಹೆಸರು ಅಂಟಿಸಿದ ಪ್ಲಾಸ್ಟಿಕ್ ದವಡೆ.
ಕಲಿಸುವವಳು ಸೆಲೀನಾ ಫೊನೋತಿ,
ನನ್ನ ಕಿರಿಮಗಳಿಗಿಂತ ಎರಡು ವರ್ಷ ಚಿಕ್ಕವಳು.
"ಕೊರೆಯಬೇಡಿ," ಅಂದಳು. "ಮೊದಲ ಪಾಠ ಇಷ್ಟೇ.
ಒರೆಸಿ, ಒಣಗಿಸಿ, ಒಂದು ಹನಿ ಹಚ್ಚಿ, ಕಾಯಿರಿ."

ಕಾಯುವುದು!
ನನ್ನ ಬಲಗಾಲು ಆಗಲೇ ಮೇಜಿನಡಿ
ಪೆಡಲ್ ಹುಡುಕುತ್ತಿತ್ತು.

ಎಪ್ಪತ್ತಾರರಲ್ಲಿ, ವೆಲಿಂಗ್ಟನ್ನಿನಲ್ಲಿ, ನಾವು ಕಲಿತದ್ದೇ ಬೇರೆ:
ಹುಳುಕು ಕಂಡರೆ ಬಿಡಬಾರದು,
ಕಂಡದ್ದರ ಆಚೆಗೂ ಒಂದು ಕೂದಲೆಳೆ ಅಗೆಯಬೇಕು,
ಅಂಚು ನೇರ, ತಳ ಸಪಾಟು,
ಬೆಳ್ಳಿ ಪಾದರಸ ಅರೆದು ಮೆತ್ತಿದರೆ ಗಾರೆ ಕೆಲಸದ ಹಾಗೆ.
ಬಿಳಿ ಟೋಪಿ, ಕೆಂಪು ಸ್ವೆಟರ್, ಲವಂಗದೆಣ್ಣೆಯ ವಾಸನೆ,
ಶಾಲೆಗೊಂದು ಕೋಣೆ. ಮಕ್ಕಳು ಅದಕ್ಕಿಟ್ಟ ಹೆಸರು
ಕೊಲೆಮನೆ.

ನನಗದು ಗೊತ್ತಿತ್ತು. ಗೊತ್ತಿದ್ದೇ
ಬಾಗಿಲಿಗೆ ಹಳದಿ ಬಣ್ಣ ಬಳಿಸಿದ್ದೆ.

ಸೆಲೀನಾ ಚಿತ್ರ ತೋರಿಸುತ್ತಾಳೆ: ಹಾಲುಹಲ್ಲಿನ ಮೇಲೆ
ಉಕ್ಕಿನ ಪುಟ್ಟ ಟೊಪ್ಪಿಗೆ. ಸೂಜಿಯಿಲ್ಲ, ಕೊರೆತವಿಲ್ಲ,
ಹುಳುಕನ್ನು ಒಳಗೇ ಬಿಟ್ಟು ಮುಚ್ಚಿಬಿಡುವುದು.
"ಕಸವನ್ನು ಚಾಪೆಯಡಿ ಗುಡಿಸಿದ ಹಾಗಲ್ಲವೇ?" ಕೇಳಿದೆ.
ಆಕೆ ನಗಲಿಲ್ಲ. "ಕಸವಲ್ಲ, ಕೆಂಡ ಅಂದುಕೊಳ್ಳಿ.
ಗಾಳಿ ತಪ್ಪಿಸಿದರೆ ಆರುತ್ತದೆ."

ಊಟದ ಬಿಡುವಿನಲ್ಲಿ ಲೆಕ್ಕಕ್ಕೆ ಕೂತೆ:
ದಿನಕ್ಕೆ ಎಂಟು ಬಾಯಿ, ನಲವತ್ತು ವರ್ಷ...
ಮುಂದೆ ಗುಣಿಸಲಿಲ್ಲ. ಸ್ಯಾಂಡ್‌ವಿಚ್ ತಿಂದೆ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಕೈ ಎಂದು
ಯಾರೂ ಅನ್ನಲಿಲ್ಲ. ಅಂದಿದ್ದರೆ
ಜಗಳವನ್ನಾದರೂ ಆಡಬಹುದಿತ್ತು.

ಮಂಗಳವಾರ ಬಂದ ಮೊದಲ ಮಗು ತಾಮಾತಿ.
ನಾಲ್ಕು ವರ್ಷ, ಮೇಲಿನ ಮುಂಭಾಗದ ನಾಲ್ಕೂ ತೂತು.
ಕರೆತಂದ ಅಜ್ಜಿ ಒಳಗೆ ಬರಲೊಲ್ಲಳು,
ಹೊಸ್ತಿಲಲ್ಲೇ ನಿಂತಳು, ಕೈಯಲ್ಲಿ ಅವನ ಗಂಬೂಟು.
"ಕಪ್ಪಾಗುತ್ತದೆ," ಅಂದೆ. "ಕಪ್ಪಾಯಿತೆಂದರೆ ಹುಳುಕು ನಿಂತಿತು ಅಂತ.
ಹಲ್ಲು ಬೀಳುವತನಕ ಹಾಗೇ ಇರುತ್ತದೆ."
"ಫೋಟೋದಲ್ಲಿ ಕಾಣುತ್ತದಾ?"
"ಕಾಣುತ್ತದೆ."
ತುಸು ಹೊತ್ತು ಕಡಲಿನ ಕಡೆ ನೋಡಿದಳು.
"ನೋಯುತ್ತದಾ?"
"ಇಲ್ಲ."
"ಆಗಲೂ ನೀವು ಹಾಗೇ ಅಂದಿದ್ದಿರಿ."

ಗುರುತು ಸಿಕ್ಕಿತು. ಕಟರಾಯ್ನಾ. ಎಪ್ಪತ್ತೊಂಬತ್ತು.
ಏಳು ವರ್ಷದ ಹುಡುಗಿ, ಕೆಳದವಡೆ, ಎಡಗಡೆ.
ಅವಳು ಕಚ್ಚಿದ ಕಲೆ ನನ್ನ ತೋರುಬೆರಳಲ್ಲಿ
ಚಳಿ ಬಿದ್ದರೆ ಈಗಲೂ ಬೆಳ್ಳಗೆ ಏಳುತ್ತದೆ.

ಒಸಡಿಗೆ ವ್ಯಾಸಲೀನ್. ಹಲ್ಲು ಒರೆಸಿದೆ. ಒಂದು ಹನಿ.
ನಾನು ಎಣಿಸಿದೆ; ಇಪ್ಪತ್ತಾದಾಗಲೆಲ್ಲ
ತಾಮಾತಿ ಒಂದು ಬೆರಳು ಮಡಚಿದ. ಮೂರು ಬೆರಳು.
"ಕಬ್ಬಿಣ ನೆಕ್ಕಿದ ಹಾಗಿದೆ," ಅಂದವನೇ
ಬರಿಗಾಲಲ್ಲಿ ಅಂಗಳಕ್ಕೆ ಓಡಿದ.

ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ ಉಳಿದಿತ್ತು.
ಆ ಇಪ್ಪತ್ತಾರು ನಿಮಿಷ ಏನು ಮಾಡಬೇಕೆಂದು
ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.
ಕೈ ತಾನಾಗಿ ಹತ್ತಿಯ ಸುರುಳಿ ಎತ್ತಿಕೊಂಡಿತು,
ದಾರ ಸುತ್ತಿ ಸೊಂಟ ಬಿಗಿಯಿತು, ಗಾಜುಗಾಗದದ ರೆಕ್ಕೆ,
ಪೆನ್ನಿನಲ್ಲಿ ಎರಡು ಕಣ್ಣು:
ಅಳದ ಮಕ್ಕಳಿಗೆಂದು ಆಗೆಲ್ಲ ಕಟ್ಟುತ್ತಿದ್ದ ದುಂಬಿ.

ತಾಮಾತಿಗೆ ಬೇಕಿರಲಿಲ್ಲ,
ಅಳುವಂಥದೇನೂ ಆಗಿರಲಿಲ್ಲವಲ್ಲ.

ಹೊಸ್ತಿಲಿಗೆ ಹೋದೆ.
"ನಿನಗೆ ಆಗ ಕೊಟ್ಟಿರಲಿಲ್ಲ."
"ಇಲ್ಲ," ಅಂದಳು. "ನಾನು ಅತ್ತಿದ್ದೆ."
ಅಂಗೈ ಚಾಚಲಿಲ್ಲ. ಗಂಬೂಟನ್ನು ಮುಂದೆ ಹಿಡಿದಳು.
ಅದರೊಳಗೆ ಹಾಕಿದೆ.