ಇಂಟರ್‌ವಲ್ ಆದ ಮ್ಯಾಲ

ಗಾಜಗಾರಪೇಟೆ ಎಸ್ತೇರಮ್ಮನ ಮನಿಗೆ
ಡಬ್ಬಿ ಹಚ್ಚಲಿಕ್ಕೆ ಹೋದಾಗ ಮಟಮಟ ಮಧ್ಯಾಹ್ನ.
ಏಣಿ ಕಾದಿತ್ತು, ಇಕ್ಕಳ ಕಾದಿತ್ತು,
ಜೇಬಿನ್ಯಾಗಿನ ಕರಿ ಟೇಪು ಅಂಟು ಬಿಟ್ಟಿತ್ತು.

ಮುಂದಿನ ತಿಂಗಳಿಂದ ಡಬ್ಬಿ ಇಲ್ದ ಚಿತ್ರ ಬರೂದಿಲ್ಲ ಅಂತ
ಓಣಿ ತುಂಬ ಸಾರಿದವ ನಾನೇ, ಉರುಕುಂದಿ.
ಒಂದು ವೈರು ಒಳಗ, ಒಂದು ವೈರು ಹೊರಗ,
ಮನಿಗೆ ಹತ್ತು ನಿಮಿಷ, ಒಂದು ಸಹಿ, ಒಂದು ಗ್ಲಾಸು ನೀರು.

ಇಲ್ಲಿ ಟೀವಿ ಕೆಳಗ ಇನ್ನೊಂದು ಕೂತಿತ್ತು,
ಕ್ರೋಷಾ ಹೊದ್ದು, ಹಣಿ ಮ್ಯಾಲ
ಹನ್ನೆರಡು ಸೊನ್ನೆ ಸೊನ್ನೆ ಮಿಣುಕುಸ್ತಾ:
ವೀಸಿಆರ್.
"ಅಮ್ಮಾ, ಇದನ್ನ ಗುಜರಿಗೆ ಹಾಕ್ರಿ" ಅಂದೆ.
"ಅದು ನಡುವ ಇರಬೇಕು" ಅಂದ್ರು. ಅಷ್ಟ.

ಹಳದಿ, ಬಿಳಿ, ಕೆಂಪು.
ಡಬ್ಬಿಗೆ ಮೂರು ತೂತು, ಇದಕ್ಕ ಎರಡ.
ಕೆಂಪು ಎಲ್ಲಿ ಹೋಗಬೇಕು?
ಹಚ್ಚಿದೆ, ಕಿತ್ತೆ, ಹಚ್ಚಿದೆ.
ಒಮ್ಮೆ ನೀಲಿ, ಒಮ್ಮೆ ಕಪ್ಪು,
ಒಮ್ಮೆ ಜೋಳ ಹುರಿದಂಗ ಸಪ್ಪಳ.
ಬೆವರು ಮೂಗಿನ ತುದಿಗೆ ಬಂದು ನಿಂತು
ನನ್ನ ಕೆಲಸ ನೋಡ್ತಿತ್ತು.

ಎಸ್ತೇರಮ್ಮ ಚಷ್ಮಾ ತೆಗೆದಿಟ್ಟು ನೆಲಕ್ಕ ಕೂತ್ರು.
ಟೀವಿ ಹಿಂದ ಕೈ ಹಾಕಿ, ಕಣ್ಣು ಕಿಡಕಿ ಕಡೆ ಇಟ್ಟು,
ಬೆರಳಿಂದ ಓದಿದ್ರು.

"ಔಟಿಗೆ ಔಟ್ ಹಚ್ಚೀದಿ ತಮ್ಮಾ.
ಇಬ್ರೂ ಮಾತಾಡಿದ್ರ ಕೇಳವ್ರು ಯಾರು?"

ಇಪ್ಪತ್ತೊಂಬತ್ತು ವರ್ಷ ಟ್ರಂಕ್ ಎಕ್ಸ್‌ಚೇಂಜಿನ್ಯಾಗ
ಕಿವಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಕೂತ ಹೆಣ್ಮಗಳು.
ಗಂಜಿನ ಹತ್ತಿ ಸಾಹುಕಾರಗ ಸೊಲ್ಲಾಪುರ,
ದವಾಖಾನಿಗೆ ಹೈದರಾಬಾದು,
ಅದೋನಿಯ ಅಳಿಯಗ ಅತ್ತೆ.
ಮೂರು ನಿಮಿಷ ಆಯ್ತು, ಮುಂದುವರಸ್ಲಿ ಏನ್ರಿ?
ಅಂತ ಕೇಳಿ ಕೇಳಿ
ತಮ್ಮ ಮಾತು ಮಾತ್ರ ಮೂರು ಶಬ್ದಕ್ಕ ಮುಗಸ್ತಾರ.

ಗ್ವಾಡಿಯಿಂದ ಡಬ್ಬಿಗೆ, ಡಬ್ಬಿಯಿಂದ ವೀಸಿಆರಿಗೆ,
ವೀಸಿಆರಿಂದ ಟೀವಿಗೆ.
ಕೆಂಪು ವೈರನ್ನ ಮಡಚಿ ರಬ್ಬರ್ ಹಾಕಿ
"ಇದಕ್ಕ ಲೈನ್ ಇಲ್ಲ" ಅಂದ್ರು.
ಚಿತ್ರ ಬಂತು. ನಾನು ಸಹಿ ತಗೊಳ್ಳೂದು ಮರತೆ.

"ಈಗ ಯಾರು ರೆಕಾರ್ಡ್ ಮಾಡ್ತಾರ್ರಿ ಅಮ್ಮಾ?"
ಅಂದಾಗ ನೀರು ಕೊಟ್ಟು ಹೇಳಿದ್ರು.
ರಾತ್ರಿ ಡ್ಯೂಟಿ ಎಂಟಕ್ಕ.
ಸಿನೆಮಾ ಆರೂ ಕಾಲಿಗೆ.
ವಯಸ್ಸಿದ್ದಾಗ ನೋಡಿದ್ದೆಲ್ಲ ಇಂಟರ್‌ವಲ್ ತನಕ.
ಒಂದು ಕಪ್ಪು ಬಿಳುಪಿನ ಚಿತ್ರದಾಗ
ಬಾವಿಕಟ್ಟಿ ಮ್ಯಾಲ ಕೂತ ಹುಡುಗಿ
ಕಾಗದ ಒಡದ್ಲು, ಟಾಕೀಸಿನ ಲೈಟು ಹತ್ತಿದ್ವು.
ಸೈಕಲ್ ರಿಕ್ಷಾದಾಗ ಎಕ್ಸ್‌ಚೇಂಜಿಗೆ ಓಡಿದ್ರು.
ಆ ಕಾಗದದಾಗ ಏನಿತ್ತು?
ಊರಿನವರ ಗುಟ್ಟೆಲ್ಲ ಕಿವಿ ಮುಟ್ಟಿ ಹೋಗಾವ,
ಅದೊಂದು ಗೊತ್ತಾಗಿಲ್ಲ.

ಇವತ್ತು ರಾತ್ರಿ ಎರಡಕ್ಕ ಆ ಚಿತ್ರ ಹಾಕ್ತಾರಂತ.
ಎರಡರ ತನಕ ಎಚ್ಚರ ಇರೂದು ಇನ್ನ ಆಗೂದಿಲ್ಲ,
ಆ ಪಾಲಿನ ಎಚ್ಚರ ಮುಗದದ.
ಮಿಣುಕೋ ಹನ್ನೆರಡನ್ನ ಸರಿ ಮಾಡಿದ್ರು,
ಡಬ್ಬಿಯ ರಿಮೋಟಿಗೆ ಪ್ಲಾಸ್ಟರ್ ಸುತ್ತಿದ್ರು,
ಮೊಮ್ಮಗ ಚಾನೆಲ್ ತಿರುವಬಾರದಂತ.

ಅವತ್ತು ರಾತ್ರಿ ಮಾಳಿಗಿ ಮ್ಯಾಲ ಮಲಗಿದ್ದೆ.
ಎರಡೂವರಿಗೆ ಎದ್ದು ನೋಡ್ದೆ,
ಗಾಜಗಾರಪೇಟೆ ಕಡೆ ಬೀದಿ ದೀಪ ಉರೀತಿದ್ವು.
ಕರೆಂಟು ಅದ. ಮತ್ತ ನಿದ್ದಿ ಬರಲಿಲ್ಲ.

ಮುಂಜಾನೆ ಸಹಿ ಬೇಕಂತ ನೆವ ಮಾಡಿ ಹೋದೆ.
"ಬಂತೇನ್ರಿ?"
"ಬಂತು. ಸೋಪು ಬಂತು, ಸೀರಿ ಬಂತು, ಮಂಡಿನೋವಿನ ಎಣ್ಣಿ ಬಂತು.
ಎರಡು ತಾಸಿನ ಕ್ಯಾಸೆಟ್ಟು.
ಹುಡುಗಿ ಕಾಗದ ಒಡದ್ಲು,
ಟೇಪು ಮುಗೀತು."

ನಗಬೇಕೋ ಬ್ಯಾಡೋ ಅಂತ ನಾನು ನಿಂತಾಗ
ಅವರೇ ನಕ್ರು, ಸೆರಗು ಬಾಯಿಗೆ ಹಿಡಿದು, ಭಾಳ ಹೊತ್ತು.

ಆಮ್ಯಾಲ ವೀಸಿಆರಿನ ಹೊಟ್ಟಿ ಮ್ಯಾಲ
ಉಗುರಿನಷ್ಟು ಸಣ್ಣ ಗುಂಡಿ ತೋರಿಸಿದ್ರು.
ಅದನ್ನ ಸರಿಸಿದ್ರ ಟೇಪು ನಿಧಾನ ನಡೀತದ,
ಎರಡು ತಾಸಿನ್ಯಾಗ ನಾಲ್ಕು ತಾಸು ಹಿಡೀತದ,
ಚಿತ್ರ ಮಾತ್ರ ಮಸುಕು.

"ಆಗಲಿ ಬಿಡು. ಐತವಾರ ಮತ್ತ ಹಾಕ್ತಾರಂತ.
ಕಾಗದ ಓದಲಿಕ್ಕೆ ಬರಲಿಲ್ಲಂದ್ರೂ
ಅಕಿ ಮಾರಿ ನೋಡಿದ್ರ ತಿಳೀತದಲ್ಲ?"